ಗುರುತಿಲ್ಲದವರ ಸಾವಿಗೆ ನಾಮ್ ಪೆನ್‌ವರೆಗೆ

ನಾನು ಒಬ್ಬಳೇ ಕಾಂಬೋಡಿಯಾಕ್ಕೆ ಹೋಗುತ್ತೇನೆ ಎಂದು ಘೋಷಿಸಿದಾಗ ನನ್ನ ನಾದಿನಿ ಶಾರದ ಒಲೆಯ ಮೇಲಿದ್ದ ಹಾಲನ್ನು ಉಕ್ಕಿಸಿಬಿಟ್ಟಳು.

"ಅತ್ಗೆ, ನಿಮಗೇನು ತಲೆ ನೆಟ್ಟಗೈತಾ? ಕೆ. ಹೊಸಕೋಟೆಯಿಂದ ಆಲೂರಿಗೆ ಹೋಗ್ಬೇಕಾದ್ರೂ ಅಣ್ಣನ್ನ ಮುಂದೆ ಹತ್ಸಿ ಆಮೇಲೆ ಬಸ್ ಹತ್ತೋರು ನೀವು!"

"ಅದುಕ್ಕೇ ಕಣೇ ಹೋಗ್ತಿರೋದು" ಎಂದೆ.

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಟಿಕೆಟ್ ತೆಗೆಸುವುದು, ದಾರಿ ಕೇಳುವುದು, ಆಟೋದವನ ಜೊತೆ ಜಗಳವಾಡುವುದು ಎಲ್ಲ ನಮ್ಮ ಯಜಮಾನರ ಖಾತೆ. ಕಿಟಕಿ ಪಕ್ಕ ಕೂತು ಚೀಲ ಹಿಡಿದುಕೊಳ್ಳುವುದು ನನ್ನ ಖಾತೆ. ಒಂದೂವರೆ ವರ್ಷದ ಹಿಂದೆ, ಕಾಫಿ ಒಣಹಾಕುವ ಕಣದಲ್ಲಿ ನಿಂತಿದ್ದವರು ಎದೆ ಹಿಡಿದುಕೊಂಡು ಕೂತರು. ಮತ್ತೆ ಏಳಲಿಲ್ಲ. ಅಂದಿನಿಂದ ಎರಡೂ ಖಾತೆ ನನ್ನ ತಲೆಗೇ ಬಂತು.

ಅವರು ಹೋದ ದಿನ ನಾನು ಅಳಲಿಲ್ಲ. ಪುರುಸೊತ್ತೇ ಆಗಲಿಲ್ಲ ಎನ್ನಬೇಕು. ಶಾಮಿಯಾನದವನಿಗೆ ಯಾರಾದರೂ ಹೇಳಿದರಾ, ಪಕ್ಕದ ಮನೆಯಿಂದ ಬಂದ ಕಾಫಿಯಲ್ಲಿ ಸಕ್ಕರೆ ಹಾಕದ್ದು ಯಾವುದು, ಸಕಲೇಶಪುರದಿಂದ ಬಂದ ಹಿರಿಯರಿಗೆ ಕುರ್ಚಿ ಸಿಕ್ಕಿತಾ ಎಂದು ಓಡಾಡುತ್ತಿದ್ದೆ. ಹೆಂಗಸರು ಸುಡುವ ಜಾಗಕ್ಕೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಗೇಟಿನವರೆಗೆ ಹೋಗಿ, ಎಲ್ಲರೂ ತಿರುವಿನಲ್ಲಿ ಮರೆಯಾದ ಮೇಲೆ ವಾಪಸ್ಸು ಬಂದು ಕುರ್ಚಿ ಮಡಚಿಟ್ಟೆ. "ಗಟ್ಟಿಗಿತ್ತಿ ಕಣಮ್ಮ" ಎಂದು ಊರು ಸರ್ಟಿಫಿಕೇಟ್ ಕೊಟ್ಟಿತು. ನಾನೂ ನಂಬಿದೆ!

ಆಮೇಲೊಂದು ದಿನ ಟಿವಿಯಲ್ಲಿ ಅಂಕೋರ್ ವಾಟ್ ದೇವಸ್ಥಾನ ತೋರಿಸಿದರು. ಅಷ್ಟು ದೊಡ್ಡ ವಿಷ್ಣು ದೇವಾಲಯ ನಮ್ಮ ದೇಶದಲ್ಲೇ ಇಲ್ಲವಂತೆ. ಗಟ್ಟಿಗಿತ್ತಿ ಹೊರಟೇಬಿಟ್ಟಳು. ಆಲೂರಿನ ಕಂಪ್ಯೂಟರ್ ಸೆಂಟರ್‌ನವನು ಕಾಂಬೋಡಿಯಾದಲ್ಲಿ ಯಾವ ಊರಿಗೆ ಟಿಕೆಟ್ ಎಂದು ಕೇಳಿದ.

"ರಾಜಧಾನಿಗೇ ಹಾಕಪ್ಪ. ಅಂಥಾ ದೇವಸ್ಥಾನನ ಇನ್ನೆಲ್ಲಿ ಕಟ್ಟಿರ್ತಾರೆ?"

ಬೇಲೂರು, ಹಳೇಬೀಡು ಇರುವ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ನನಗೆ ಈ ಪ್ರಶ್ನೆಯ ಉತ್ತರ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನಾಮ್ ಪೆನ್‌ನ ಹೋಟೆಲಿನಲ್ಲಿ ಕೌಂಟರಿನ ಹುಡುಗಿ ಸೌಜನ್ಯದಿಂದಲೇ ಹೊಳೆಯಿಸಿದಳು. "ಅಂಕೋರ್ ವಾಟ್ ಇಲ್ಲಿಲ್ಲ ಮೇಡಂ. ಅದು ಸಿಯೆಮ್ ರೀಪ್‌ನಲ್ಲಿದೆ. ಬಸ್ಸಿನಲ್ಲಿ ಆರು ಗಂಟೆ." ನನಗೆ ಗೊತ್ತಿದ್ದ ವಿಷಯವೇ ಎನ್ನುವಂತೆ ನಕ್ಕು ರೂಮಿಗೆ ಹೋದೆ. ಎ.ಸಿ. ಆರಿಸುವುದು ಹೇಗೆಂದು ತಿಳಿಯದೆ ಸ್ವೆಟರ್ ಹಾಕಿಕೊಂಡು ಮಂಚದ ಮೇಲೆ ಕೂತೆ. ಅಷ್ಟರಲ್ಲಿ ಶಾರದಳ ಫೋನು.

"ದೇವಸ್ಥಾನ ನೋಡಿದ್ರಾ ಅತ್ಗೆ?"

"ನೋಡ್ತಾ ಇವ್ನಿ ಕಣೆ. ಭಾಳ ದೊಡ್ಡದೈತೆ" ಎಂದೆ, ಗೋಡೆ ನೋಡುತ್ತಾ.

ಮಾರನೇ ದಿನ ಬೆಳಗ್ಗೆ ಹೊಟ್ಟೆ ಕೂಗಿತು. ತಂದಿದ್ದ ಅವಲಕ್ಕಿ ವಿಮಾನದಲ್ಲೇ ಖಾಲಿ. ಸೆಖೆಗೆ ಹಗುರ ಇರಲಿ ಎಂದು ಬಿಳಿ ವಾಯಿಲ್ ಸೀರೆ ಉಟ್ಟು ಬೀದಿಗಿಳಿದೆ. ಎರಡನೇ ತಿರುವಿನಲ್ಲಿ ರಸ್ತೆಗೆ ಅಡ್ಡಲಾಗಿ ಶಾಮಿಯಾನ. ಮೈಕಿನಲ್ಲಿ ಮಂತ್ರ. ಕಾವಿ ಬಟ್ಟೆಯ ಭಿಕ್ಷುಗಳು. ದೊಡ್ಡ ಪಾತ್ರೆಯಲ್ಲಿ ಏನೋ ಕುದಿಯುತ್ತಿತ್ತು. ಸಾಲು ಮೇಜಿನಲ್ಲಿ ಜನ ಉಣ್ಣುತ್ತಿದ್ದರು. ಅನ್ನದಾನ! ದೇವರು ಸಿಯೆಮ್ ರೀಪ್‌ನಲ್ಲಿದ್ದರೂ ನನ್ನನ್ನು ಮರೆತಿರಲಿಲ್ಲ.

ಬಾಗಿಲಲ್ಲಿದ್ದ ಹೆಂಗಸು ನನ್ನ ಸೀರೆ ನೋಡಿ ಕೈ ಮುಗಿದಳು. ನನ್ನ ಕೈಗೆ ಊದುಬತ್ತಿ ಕೊಟ್ಟು ಒಳಗೆ ಕರೆದೊಯ್ದಳು. ಹೂವಿನ ನಡುವೆ ಕನ್ನಡಕ ಹಾಕಿದ ವಯಸ್ಸಾದವರೊಬ್ಬರ ಫೋಟೋ. ಯಾರೋ ಗುರುಗಳಿರಬೇಕು ಎಂದು ಉದ್ದಂಡ ನಮಸ್ಕಾರವನ್ನೇ ಹಾಕಿದೆ. ಸುತ್ತಲಿದ್ದವರು ಪರಸ್ಪರ ಮುಖ ನೋಡಿಕೊಂಡರು. ನನ್ನ ಭಕ್ತಿಗೆ ಬೆರಗಾದರು ಎಂದುಕೊಂಡೆ.

"ನೋ ಮೀಟ್" ಎಂದೆ. ಬಿಸಿ ಬಿಸಿ ಅನ್ನದ ಗಂಜಿ ಬಂತು. ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಮೂಲಂಗಿ. ಎರಡು ಬಟ್ಟಲು ಹೊಡೆದು, ಮೂರನೆಯದಕ್ಕೆ ಕೈ ಎತ್ತಿದಾಗ ಗಾಳಿಗೆ ಫೋಟೋ ಹಿಂದಿನ ಪರದೆ ಸರಿಯಿತು.

ಪರದೆ ಹಿಂದೆ ಶವಪೆಟ್ಟಿಗೆ ಇತ್ತು.

ಸುತ್ತ ನೋಡಿದೆ. ಎಲ್ಲರೂ ಬಿಳಿ ಬಟ್ಟೆ. ನಾನೂ ಬಿಳಿ ಬಟ್ಟೆ. ಸಾವಿನ ಮನೆಯಲ್ಲಿ ಗಂಜಿಗೆ ಇನ್ನೊಂದು ಬಟ್ಟಲು ಕೇಳುತ್ತಿದ್ದವಳು ಮಾತ್ರ ನಾನೊಬ್ಬಳೇ! ಸದ್ದಿಲ್ಲದೆ ಎದ್ದು ಚಪ್ಪಲಿ ಹುಡುಕುವಷ್ಟರಲ್ಲಿ ಮಂತ್ರ ನಿಂತಿತು, ಜನ ಎದ್ದರು, ಮೆರವಣಿಗೆ ಹೊರಟಿತು. ಯಾರೋ ಬಂದು ನನ್ನ ತಲೆಗೆ ಬಿಳಿ ಬಟ್ಟೆ ಕಟ್ಟಿದರು. ದೂರದಿಂದ ಬಂದವಳೆಂಬ ಮರ್ಯಾದೆಗೆ ಮನೆಯವರ ಸಾಲಿಗೇ ಸೇರಿಸಿದರು. ನನ್ನ ಮುಂದೆ ಸತ್ತವರ ಹೆಂಡತಿ. ತಲೆ ಬೋಳಿಸಿಕೊಂಡಿದ್ದಳು, ನನ್ನದೇ ವಯಸ್ಸು. ಅವಳ ಸೊಂಟಕ್ಕೆ ಕೈ ಕೊಟ್ಟು ನಡೆಸುತ್ತಿದ್ದವನು ಮಗ. ತಪ್ಪಿಸಿಕೊಳ್ಳಲು ಎರಡು ಸಲ ಪಕ್ಕಕ್ಕೆ ಸರಿದೆ. ಎರಡು ಸಲವೂ ಪಾಪ, ತಲೆ ಸುತ್ತುತ್ತಿದೆ ಎಂದುಕೊಂಡು ಯಾರೋ ರಟ್ಟೆ ಹಿಡಿದು ಮಧ್ಯಕ್ಕೆ ತಂದರು.

ಭಿಕ್ಷುಗಳ ವಿಹಾರದಲ್ಲೇ ಸುಡುವ ಜಾಗವಿತ್ತು. ಎತ್ತರದ ಚಿಮಣಿಯ ಕಟ್ಟಡ. ಪೆಟ್ಟಿಗೆ ಒಳಗೆ ಹೋಯಿತು, ಬಾಗಿಲು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಚಿಮಣಿಯಿಂದ ಹೊಗೆ ಬಂತು.

ಗೇಟಿನಿಂದಾಚೆ ಏನಾಗುತ್ತದೆ ಎನ್ನುವುದನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ಯಜಮಾನರೂ ಹೀಗೇ ಹೊಗೆಯಾಗಿ ಹೋದರು, ನಾನು ಆ ಹೊತ್ತಿನಲ್ಲಿ ಕುರ್ಚಿ ಮಡಚುತ್ತಿದ್ದೆ ಎನಿಸಿದ್ದಷ್ಟೇ ನೆನಪು. ಅಲ್ಲೇ ಇದ್ದ ಕಲ್ಲುಕಟ್ಟೆಯ ಮೇಲೆ ಕೂತುಬಿಟ್ಟೆ. ಗಂಟಲಿನಿಂದ ಬಂದ ಕೂಗು ನನ್ನದೇ ಎಂದು ತಿಳಿಯಲು ನನಗೂ ಒಂದು ಕ್ಷಣ ಬೇಕಾಯಿತು.

"ಅಯ್ಯೋ, ನನ್ನೊಬ್ಳುನ್ನೇ ಬುಟ್ಟು ಹೋಗ್ಬುಟ್ರಲ್ಲಾ! ಒಂದ್ ಮಾತಾದ್ರೂ ಹೇಳ್ಬಾರ್ದಿತ್ತಾ!"

ಅವರ ಕಡೆ ಜನ ಮೆಲ್ಲಗೆ ಕಣ್ಣೊರೆಸಿಕೊಳ್ಳುವವರು. ನಾನು ನಮ್ಮ ಕಡೆಯ ರೀತಿಯಲ್ಲಿ, ಎದೆ ಬಡಿದುಕೊಂಡು, ಇಡೀ ವಿಹಾರಕ್ಕೆ ಕೇಳುವಂತೆ ಅಳುತ್ತಿದ್ದೆ. ಭಿಕ್ಷುಗಳೂ ತಿರುಗಿ ನೋಡಿದರು. ಸತ್ತವರ ಹೆಂಡತಿಯೂ ತಿರುಗಿದಳು. ಅವಳ ಅಳು ನಿಂತೇ ಹೋಗಿತ್ತು!

ಮಗ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಇಂಗ್ಲಿಷಿನಲ್ಲಿ ಕೇಳಿದ. "ನೀವು ಯಾವ ದೇಶದವರು?"

"ಇಂಡಿಯಾ."

ಅವನ ಮುಖದ ಬಣ್ಣ ಬದಲಾಯಿತು. "ಅಪ್ಪ ಒಂದು ಸಲ ಇಂಡಿಯಾಕ್ಕೆ ಹೋಗಿದ್ದರು. ಬುದ್ಧಗಯಾ ನೋಡಲು. ಒಬ್ಬರೇ." ನನ್ನನ್ನು ಮೇಲಿಂದ ಕೆಳಗೆ ನೋಡಿ ಸೇರಿಸಿದ, "ಹೇಳಿದ್ದಕ್ಕಿಂತ ತಡವಾಗಿ ಬಂದರು."

ದೇವರೇ! ನನ್ನ ಗಂಡನೂ ತೀರಿಕೊಂಡಿದ್ದಾರೆ, ಅದಕ್ಕೇ ಅಳು ಬಂತು ಎಂದು ವಿವರಿಸಬೇಕಿತ್ತು. ಎಸ್ಸೆಸ್ಸೆಲ್ಸಿಯ ಇಂಗ್ಲಿಷು ಬಿಕ್ಕಳಿಕೆಯ ನಡುವೆ ಎಷ್ಟು ಹೊರಗೆ ಬರುತ್ತದೆ? ಹೊಗೆಯ ಕಡೆ ಕೈ ತೋರಿಸಿದೆ.

"ಮೈ ಹಸ್ಬೆಂಡ್! ಮೈ ಹಸ್ಬೆಂಡ್!"

ಸತ್ತವರ ಹೆಂಡತಿಗೆ ಇಂಗ್ಲಿಷಿನಲ್ಲಿ ಹೆಚ್ಚೇನೂ ಬರುತ್ತಿರಲಿಲ್ಲ. ಇದು ಮಾತ್ರ ಅರ್ಥವಾಯಿತು! ಮಗನ ಕೈ ಬಿಡಿಸಿಕೊಂಡು ನೇರ ನನ್ನ ಕಡೆಗೆ ಬಂದಳು. ಒಂದು ಮಾತಿನಿಂದ ಸತ್ತವರ ಮಾನ, ಇದ್ದವಳ ಸಂಸಾರ ಎರಡನ್ನೂ ಹಾಳು ಮಾಡಿದ್ದೆ. ಆ ಮನುಷ್ಯ ಎದ್ದು ಬಂದು ಇಲ್ಲ ಎನ್ನುವಂತೆಯೂ ಇರಲಿಲ್ಲ.

ಚೀಲದಿಂದ ಫೋನ್ ತೆಗೆದು ನಮ್ಮ ಯಜಮಾನರ ಫೋಟೋ ಹುಡುಕಿದೆ. ಮಂಕಿ ಟೋಪಿ ಹಾಕಿ, ಕಣದಲ್ಲಿ ಕಾಫಿ ಕೆದಕುತ್ತಾ, ತೆಗೀಬೇಡ ಕಣೆ ಎಂದು ಕೈ ಅಡ್ಡ ಹಿಡಿದಿರುವ ಫೋಟೋ. "ದಿಸ್! ದಿಸ್ ಮೈ ಹಸ್ಬೆಂಡ್. ಡೆಡ್. ಇಂಡಿಯಾ ಡೆಡ್." ಮಗ ಫೋಟೋ ನೋಡಿದ, ನನ್ನನ್ನು ನೋಡಿದ, ದೊಡ್ಡ ಉಸಿರು ಬಿಟ್ಟು ತಾಯಿಗೆ ಅವರ ಭಾಷೆಯಲ್ಲಿ ಏನೋ ಹೇಳಿದ.

ಅವಳು ಫೋನ್ ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಆ ಕಲ್ಲುಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಕೂತಳು. ಇಬ್ಬರೂ ಹೊಗೆ ನೋಡುತ್ತಾ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅವಳು ಮಗನಿಗೆ ಏನೋ ಹೇಳಿದಳು.

"ಅಮ್ಮ ಕೇಳ್ತಿದ್ದಾರೆ" ಎಂದ ಮಗ. "ಗಂಡ ಹೋಗಿ ಎಷ್ಟು ಕಾಲವಾಯಿತು?"

"ಒಂದೂವರೆ ವರ್ಷ."

ಅವಳು ಇನ್ನೊಂದು ಪ್ರಶ್ನೆ ಕೇಳಿದಳು. ಮಗ ನೆಲ ನೋಡುತ್ತಾ ಹೇಳಿದ.

"ಆಮೇಲೆ ಕಮ್ಮಿಯಾಗುತ್ತಾ ಅಂತ ಕೇಳ್ತಿದ್ದಾರೆ."

ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. ಅವಳಿಗೆ ಗಂಡ ಹೋಗಿ ಇನ್ನೂ ಮೂರು ದಿನವೂ ಆಗಿರಲಿಕ್ಕಿಲ್ಲ. ಈ ವಿಷಯದಲ್ಲಿ ನಾನು ಹಿರಿಯಳು, ಅನುಭವಸ್ಥೆ, ಅದೂ ಊರಿನಿಂದ ಸರ್ಟಿಫಿಕೇಟ್ ಪಡೆದವಳು. ಅವಳ ಕೈ ಹಿಡಿದು, ಧೈರ್ಯ ಹೇಳಲು ಬಾಯಿ ತೆರೆದೆ.

ಮತ್ತೆ ಗೊಳೋ ಎಂದು ಅತ್ತುಬಿಟ್ಟೆ!

ಪಾಪ, ಆಯಮ್ಮ ತನ್ನ ಗಂಡ ಇನ್ನೂ ಉರಿಯುತ್ತಿರುವಾಗಲೇ ನನ್ನ ಮೂಗೊರೆಸಿ, ನೀರು ಕುಡಿಸಿ, ಸಂಜೆಯವರೆಗೆ ಸಮಾಧಾನ ಮಾಡಬೇಕಾಯಿತು.