ತೊಳೆಯಬಾರದಾಗಿದ್ದ ಅಂಗಿ

ಗಣಿತದ ಮೇಷ್ಟ್ರು ಬೆಳಿಗ್ಗೆ ಕೊಟ್ಟುಹೋದ ಬಿಳಿ ಅಂಗಿಯ ಎದೆಯ ಮೇಲೆ ಅಂಗೈಯಗಲದ ಕೆಂಪು ಕಲೆಯಿತ್ತು. ಅದು ಯಾವುದರ ಕಲೆ ಎಂದು ಕೇಳುವ ಪದ್ಧತಿ ಲಾಂಡ್ರಿಯವನಿಗಿರಲಿಲ್ಲ. ಅವನು ಸ್ವತಃ ಕಲಸಿಟ್ಟುಕೊಂಡಿದ್ದ ದ್ರಾವಣದ ಮುಂದೆ ಸಕಲ ಕಲೆಗಳೂ ಸಮಾನ. ಮಧ್ಯಾಹ್ನದೊಳಗೆ ಅಂಗಿ ಹಾಲಿನ ಕೆನೆಯಂತೆ ಬೆಳ್ಳಗಾಗಿ ತಂತಿಯ ಮೇಲೆ ತೂಗುತ್ತಿತ್ತು.

ಆಗ ಪಕ್ಕದಂಗಡಿಯ ದರ್ಜಿ ಕತ್ತರಿ ಹಿಡಿದುಕೊಂಡೇ ಓಡಿಬಂದ.

"ಅಣ್ಣಾ, ಮೇಷ್ಟ್ರ ಪಕ್ಕದ ಮನೆಯವನನ್ನ ನಿನ್ನೆ ಸಂಜೆ ಯಾರೋ ಚುಚ್ಚಿ ಕೊಂದಿದ್ದಾರಂತೆ! ಪೊಲೀಸ್ರು ಮೇಷ್ಟ್ರನ್ನ ಹಿಡ್ಕೊಂಡಿದ್ದಾರೆ. ಅವರ ಅಂಗಿ ತಗೊಳ್ಳೋಕೆ ಇಲ್ಲಿಗೇ ಬರ್ತಿದ್ದಾರೆ."

ಲಾಂಡ್ರಿಯವನು ತಂತಿಯತ್ತ ಬೆರಳು ತೋರಿಸಿದ. ದರ್ಜಿಯ ಬಾಯಿ ಹೊಲಿಗೆ ಬಿಟ್ಟ ಜೇಬಿನಂತೆ ತೆರೆದುಕೊಂಡಿತು.

"ತೊಳೆದೇಬಿಟ್ಯಾ? ಕೊಲೆ ಕೇಸಲ್ಲಿ ಸಾಕ್ಷ್ಯ ನಾಶ ಕಣೋ! ವರ್ಷಗಟ್ಟಲೆ ಒಳಗೆ! ನನ್ನ ಷಡ್ಡಕ ಕೋರ್ಟಲ್ಲೇ ಇರೋದು, ನಂಗೆಲ್ಲಾ ಗೊತ್ತು."

"ಕೋರ್ಟಲ್ಲಿ ಏನಾಗಿದ್ದಾನೆ?"

"ಕ್ಯಾಂಟೀನ್ ನೋಡ್ಕೋತಾನೆ. ಅದೆಲ್ಲಾ ಈಗ್ಯಾಕೆ? ಮೊದಲು ಕಲೆ ವಾಪಸ್ ಹಾಕು!"

"ಪಾಪ, ಮೇಷ್ಟ್ರು ಒಳ್ಳೆಯವರಲ್ವಾ?"

"ಒಳಗೆ ಹೋಗೋದು ಅವರೋ, ನೀನೋ?"

ಲಾಂಡ್ರಿಯವನು ಅಂಗಿಯನ್ನು ತಂತಿಯಿಂದ ಸರ್ರನೆ ಎಳೆದುಕೊಂಡ.

"ನಿಮಗೆ ತೆಗೆಯೋಕೆ ಮಾತ್ರ ಬರುತ್ತೆ, ಸರೀರಿ ಆಚೆ," ಎಂದು ಒಳಗಿಂದ ಬಂದ ಅವನ ಹೆಂಡತಿ ಟೊಮೇಟೊ ಸಾಸು ಬಳಿದಳು. ಅಂಗಿಗೆ ಇರುವೆಗಳು ಮುತ್ತಿದವು. ಅದನ್ನು ತೊಳೆದು ಕೆಂಪು ಇಂಕು ಹಚ್ಚಿದರು. ಎದೆಯ ಭಾಗ ಹಸುಗೂಸಿನ ಫ್ರಾಕಿನಂತೆ ಗುಲಾಬಿಯಾಯಿತು. ಅದನ್ನೂ ತೊಳೆದರು. ಕೊನೆಗೆ ದರ್ಜಿ, "ಅಸಲಿ ಮಾಲೇ ಬೇಕು ಅಣ್ಣಾ," ಎನ್ನುತ್ತ ಲಾಂಡ್ರಿಯವನ ಬೆರಳಿಗೆ ಕತ್ತರಿಯ ಮೊನೆ ಒತ್ತಿದ. ಕಲೆ ಅಳತೆಗೆ ಸರಿಯಾಗಿ ಕೂತಿತು. ಜೀಪಿನ ಸದ್ದು ಕೇಳಿಸಿತು. ಗಾಬರಿಯಲ್ಲಿ ಲಾಂಡ್ರಿಯವನ ಕೈ ತನ್ನ ಪಾಡಿಗೆ ತಾನು ಅಂಗಿಯನ್ನು ಇಸ್ತ್ರಿ ಮಾಡಿ ಮಡಚಿಟ್ಟಿತು.

ಇನ್ಸ್‌ಪೆಕ್ಟರ್ ಅಂಗಿ ಬಿಡಿಸಿ ನೋಡಿದರು. ಅವರ ಹುಬ್ಬು ಗಂಟಾಯಿತು.

"ಕೊಲೆ ಆದಾಗ ಮೇಷ್ಟ್ರು ಊರಿನ ಆ ಕಡೆ ಜ್ಯೂಸ್ ಅಂಗಡೀಲಿದ್ರಂತೆ. ಮೈಮೇಲೆ ದಾಳಿಂಬೆ ರಸ ಚೆಲ್ಲಿತ್ತಂತೆ. ಅವರನ್ನ ಉಳಿಸೋಕೆ ಇದ್ದಿದ್ದು ಆ ಕಲೆ ಒಂದೇ. ಇದು ನೋಡಿದ್ರೆ ರಕ್ತ!"

"ರಕ್ತವಾ?" ಎಂದು ಜೀಪಿನೊಳಗಿಂದ ಮೇಷ್ಟ್ರು ಚೀರಿದರು.

ಲಾಂಡ್ರಿಯವನಿಗೆ ತಡೆಯಲಾಗಲಿಲ್ಲ. ಬಟ್ಟೆ ಸುತ್ತಿದ ಬೆರಳನ್ನು ಮೇಲೆತ್ತಿದ. "ನಂದು ಸಾರ್. ಗೊತ್ತಿಲ್ದೆ ತೊಳೆದ್ಬಿಟ್ಟಿದ್ದೆ. ಜೈಲಿಗೆ ಹಾಕ್ತಾರೆ ಅಂದ್ರು, ಅದಕ್ಕೇ..."

"ಅಯ್ಯೋ ಮಹಾರಾಯ, ಗೊತ್ತಿಲ್ದೆ ತೊಳೆದವನ ಮೇಲೆ ಯಾವ ಕೇಸೂ ಇಲ್ಲ," ಎಂದರು ಇನ್ಸ್‌ಪೆಕ್ಟರ್. "ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಸಾಕ್ಷ್ಯ ತಯಾರು ಮಾಡಿದ್ಯಲ್ಲ, ಅದಕ್ಕೆ ವರ್ಷಗಟ್ಟಲೆ ಒಳಗೆ. ಜೀಪು ಹತ್ತು."

"ನಾನು ಆಗ್ಲೇ ಬೇಡ ಅಂದೆ ಸಾರ್," ಎಂದ ದರ್ಜಿ, ಬಾಗಿಲು ದಾಟುತ್ತ.

ಮೇಷ್ಟ್ರು ಸೀಟಿನಲ್ಲಿ ಸರಿದು ಜಾಗ ಮಾಡಿಕೊಟ್ಟರು. ಅಂಗಿಯನ್ನು ಒಮ್ಮೆ, ಲಾಂಡ್ರಿಯವನನ್ನು ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟರು.

"ಇಸ್ತ್ರಿಯಂತೂ ಚೆನ್ನಾಗಿ ಮಾಡಿದ್ದೀಯಪ್ಪ."