ನಾಯಕಿಗೆ ಮದುವೆಯೋ ಮರಣವೋ

ದೊಡ್ಡ ದೊಡ್ಡ ಕಾದಂಬರಿಗಳ ಬಗ್ಗೆ ಬಾಯಿಬಿಡುವಷ್ಟು ಓದು ನನಗಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಎಲ್ಲದಕ್ಕೂ ಕಾರಣ, ಪಾಂಗ್ ಶೌಯಿಗೆ ಯಾರಿಗೂ ಇಲ್ಲವೆನ್ನಲು ಬಾರದ್ದು. ಅವನು ಯಾಂಗ್‌ಝೌ ಊರಿನ ಚಹಾದಂಗಡಿಯಲ್ಲಿ ಕತೆ ಹೇಳುವವನು. ಹಳೆಯ ಕಾದಂಬರಿಯೊಂದನ್ನು ಅದರ ಬಿಗಿ ಬರಹದಿಂದ ಊರಿನ ಆಡುಮಾತಿಗೆ ತಂದು ವರ್ಷವಿಡೀ ಹೇಳಿ ಗಂಟಲು ಹರಿದುಕೊಂಡಿದ್ದ. ಇವತ್ತು ಮುಕ್ತಾಯ. ತೊಡಕೆಂದರೆ, ನಾಯಕಿ ಸಾಯುವ ಕೊನೆಯ ಭಾಗವನ್ನು ಲೇಖಕ ತೀರಿಕೊಂಡ ಮೇಲೆ ಇನ್ಯಾರೋ ಸೇರಿಸಿದ್ದು, ಲೇಖಕನೇ ಬರೆದಿದ್ದರೆ ಅವಳಿಗೆ ಮದುವೆಯಾಗುತ್ತಿತ್ತು ಎಂದು ಅರ್ಧ ಊರು ಹೇಳುತ್ತಿತ್ತು. ಉಳಿದರ್ಧಕ್ಕೆ ಅದೇ ನಿಜವಾದ ಕೊನೆ.

ಬೆಳಿಗ್ಗೆ ತಿಂಡಿ ಅಂಗಡಿಯ ಕುವಾಂಗ್ ಅಕ್ಕ ಅವನ ಸಾರಿನ ಬಟ್ಟಲನ್ನು ಕೊಡದೆ ಕೈಯಲ್ಲೇ ಹಿಡಿದು ನಿಂತಳು. "ಏನಪ್ಪಾ, ಇವತ್ತು ನಮ್ಮುಡುಗಿ ಮದ್ವೆ ತಾನೆ?"

"ಪುಸ್ತಕದಲ್ಲಿ ಸಾಯ್ತಾಳಲ್ಲ ಅಕ್ಕಾ..."

"ಆ ಬಾಲ ಅಂಟಿಸಿದೋನ ಕೈ ಸೇದ್ಹೋಗ್ಲಿ! ನೀನೂ ಅವಳನ್ನ ಕೊಂದ್ಯೋ, ನಾಳೆಯಿಂದ ತೊಟ್ಟು ಸಾರೂ ಇಲ್ಲ."

"ಆಯ್ತಕ್ಕಾ, ಮದ್ವೆ ಮಾಡಿಸ್ತೀನಿ."

ಮಧ್ಯಾಹ್ನ ಊರಿನ ಸಾರ್ವಜನಿಕ ಸ್ನಾನದ ಮನೆಯಲ್ಲಿ ಗಿರಾಕಿಗಳ ಮೈ ಉಜ್ಜುವ ಝುವೋ ಅವನನ್ನು ಬೋರಲು ಹಾಕಿ ಬೆನ್ನಿಗೆ ಮೊಣಕೈ ಊರಿದ. "ಮೇಷ್ಟ್ರೇ, ಅವ್ಳು ಸಾಯ್ಬೇಕು. ಅಳೋಕಂತ್ಲೇ ಬೇಗ ಕೆಲ್ಸ ಮುಗಿಸ್ತಿದೀನಿ. ಮದ್ವೆಗಿದ್ವೆ ಅಂದ್ರೋ..." ಒರಟು ಬಟ್ಟೆ ಸರಕ್ಕನೆ ಬೆನ್ನುದ್ದಕ್ಕೂ ಇಳಿಯಿತು. ಪಾಂಗ್ ಸಿಪ್ಪೆ ಹೆರೆದ ಮೂಲಂಗಿಯಂತಾದ.

"ಸಾಯಿಸ್ತೀನಿ ಮಾರಾಯ, ಖಂಡಿತಾ ಸಾಯಿಸ್ತೀನಿ!"

ಸಂಜೆ ಅಂಗಡಿ ತುಂಬಿತ್ತು. ಅಕ್ಕನೂ ಝುವೋನೂ ಮುಂದಿನ ಸಾಲಿನಲ್ಲೇ ಕೂತಿದ್ದರು. ಮಾಲೀಕ ಶಿ ಕಿವಿಯಲ್ಲಿ ಉಸುರಿದ: "ಒಬ್ಬ ಗಿರಾಕಿ ಮುನಿಸ್ಕೊಂಡು ಎದ್ದು ಹೋದ್ರೂ ನಿನ್ನ ಕೆಲಸ ಹೋಯ್ತು ಅನ್ಕೋ."

ಕತೆಯಲ್ಲಿ ನಾಯಕಿ ಹಾಸಿಗೆ ಹಿಡಿದಿದ್ದಳು, ವರನ ಕಡೆಯವರು ಬಾಗಿಲಿಗೆ ಬಂದಿದ್ದರು. ಪಾಂಗ್ ಅಕ್ಕನನ್ನೊಮ್ಮೆ, ಝುವೋನನ್ನೊಮ್ಮೆ ನೋಡಿದ. ಕತೆಗಾರರು ಸದ್ದು ಮಾಡಲು ಇಟ್ಟುಕೊಳ್ಳುವ ಮರದ ತುಂಡನ್ನು ಮೇಜಿಗೆ ಪಟ್ಟೆಂದು ಕುಟ್ಟಿಬಿಟ್ಟ. "ಮಹಾಜನರೇ, ಲೇಖಕ ಲೇಖನಿ ಕೆಳಗಿಟ್ಟದ್ದು ಇಲ್ಲೇ ಅಂತಾರೆ. ನನ್ನ ಕತೇನೂ ಇಲ್ಲಿಗೆ ಮುಗೀತು!"

 ಕುವಾಂಗ್ ಅಕ್ಕ ಥಟ್ಟನೆ ಝುವೋನ ಕಡೆ ತಿರುಗಿದಳು. "ಕೇಳಿದ್ಯಾ? ಸಾಯ್ಲಿಲ್ಲ!"

"ಮದ್ವೆನೂ ಆಗ್ಲಿಲ್ವಲ್ಲ, ಹೋಗಕ್ಕಾ!"

ಅಂಗಡಿಯಲ್ಲಿದ್ದವರೆಲ್ಲ ಜಗಳಕ್ಕೆ ಒಬ್ಬರ ಮೇಲೊಬ್ಬರು ಬಿದ್ದರು. ಪಾಂಗ್‌ನ ಗೊಡವೆ ಯಾರಿಗೂ ಬೇಡವಾಗಿತ್ತು. ಎದೆಯ ಮೇಲಿನ ಚಪ್ಪಡಿ ಇಳಿದಂತಾಗಿ ಅವನು ಮೆಲ್ಲಗೆ ಬಾಗಿಲ ಕಡೆ ಜಾರಿದ.

ಅಲ್ಲಿ ಶಿ ಮುಖವರಳಿಸಿಕೊಂಡು ಅಡ್ಡ ನಿಂತಿದ್ದ. "ಎಲ್ಲಿಗೆ? ಜಗಳದಿಂದ ಎಷ್ಟು ಚಹಾ ಮಾರಾಟ ಆಗ್ತಿದೆ ನೋಡು! ಲೇಖಕನ ಮನಸ್ಸಲ್ಲಿ ಏನಿತ್ತು ಅಂತ ಎರಡು ಕಡೆಯೋರೂ ಸುಳಿವು ಹುಡುಕ್ಬೇಕಂತೆ. ನಾಳೆಯಿಂದ ಮತ್ತೆ ಮೊದಲ್ನೇ ಅಧ್ಯಾಯ ಶುರುಮಾಡು. ಕೊನೇಲಿ ಹೀಗೇ ನಿಲ್ಸು."

"ಆಯ್ತು ಧಣಿ," ಎಂದ ಪಾಂಗ್.

ಈಗ ಅವನು ಅದನ್ನು ಮೂರನೇ ಸಲ ಹೇಳುತ್ತಿದ್ದಾನೆ. ಆ ಹುಡುಗಿ ಸತ್ತಳೋ, ಮದುವೆಯಾದಳೋ, ನನಗೆ ಗೊತ್ತಿಲ್ಲ. ಅವನನ್ನೂ ಕೇಳಿದೆ. ಅವನಿಗೂ ಗೊತ್ತಿಲ್ಲವಂತೆ.