ಬಂಡೆಪ್ಪನವರ ಗುಡಗುಡಿಗೆ ಎರಡು ಮುಷ್ಟಿ ಸೋಡಾ

"ಇವತ್ತ ಸಂಜಿಗೆ ನಿಮ್ಮಪ್ಪ ಆ ಗುಡಗುಡಿ ಒಂದ ಒಂದು ದಮ್ ಎಳೀಲಿ. ಎಳದ ಕೂಡಲೆ ನನ್ನ ಹೆಸರು ಹಿಡದು ಕರೀಲಿಲ್ಲಂದ್ರ ಈ ಮೀಸಿ ಬೋಳಿಸಿಕೊಂಡು ಕಮತಗಿಗೆ ವಾಪಸ್ ಹೋಗ್ತೇನಿ!"

ಚಹಾದ ಕಪ್ಪನ್ನು ಮೇಲೆತ್ತಿ ಅಂದಪ್ಪ ಹೀಗೆ ಶಪಥ ಮಾಡಿದಾಗ ಹೆಂಡತಿ ನಾಗರತ್ನಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

"ಬೋಳಿಸಾಕ ಮೊದಲ ಅದು ಬರಬೇಕಲ್ರಿ" ಎಂದಳು.

ಎರಡು ಸಾವಿರದ ಇಸವಿಗೆ ಜಗತ್ತು ಮುಳುಗುತ್ತದೆ ಎಂದು ಹೆದರಿಸಿದವರೆಲ್ಲ ಬಾಯಿ ಮುಚ್ಚಿಕೊಂಡು ತಿರುಗುತ್ತಿದ್ದ ವರ್ಷ ಅದು. ಜಗತ್ತು ಮುಳುಗಲಿಲ್ಲ, ಆದರೆ ಅಂದಪ್ಪನ ಮರ್ಯಾದೆ ಮುಳುಗಿ ಬಹಳ ದಿನವಾಗಿತ್ತು. ಅವನು ಮನೆ ಅಳಿಯ. ಇಳಕಲ್ಲಿನಲ್ಲಿ ಸೀರೆಯ ರೇಷ್ಮೆಗೆ ಬಣ್ಣ ಹಾಕುವ ಬಂಡೆಪ್ಪನವರ ಒಬ್ಬಳೇ ಮಗಳನ್ನು ಮದುವೆಯಾಗಿ, ಒಂದು ಟ್ರಂಕು ಒಂದು ಹಾಸಿಗೆ ಸುತ್ತಿಕೊಂಡು ಕಮತಗಿಯಿಂದ ಬಂದವನು. ಮದುವೆಯಾಗಿ ಇಷ್ಟು ವರ್ಷವಾದರೂ ಮಾವ ಒಂದು ಸಲವೂ ಅವನನ್ನು ಹೆಸರಿಟ್ಟು ಕರೆದಿರಲಿಲ್ಲ. "ಏ ಕಮತಗಿ, ನೀರು ತಾ! ಏ ಕಮತಗಿ, ಒಲಿ ಹಚ್ಚು!" ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗುತ್ತಾನಲ್ಲ, ಅದೇ ಧಾಟಿ. ಹಾಗೆ ಕೂಗಿದಾಗಲೆಲ್ಲ ಅಂದಪ್ಪನಿಗೆ ಚೀಲ ಹಿಡಿದು ಇಳಿದುಬಿಡಬೇಕು ಎನಿಸುತ್ತಿತ್ತು.

ಬಂಡೆಪ್ಪನವರ ಬದುಕಿನಲ್ಲಿ ಎರಡೇ ಹೆಮ್ಮೆ. ಒಂದು, ಅವರ ಕೆಂಪು ಬಣ್ಣ. ಸೀರೆ ಹರಿದರೂ ಬಂಡೆಪ್ಪನ ಕೆಂಪು ಬಿಡುವುದಿಲ್ಲ ಎಂದು ಹುನಗುಂದದವರೆಗೂ ಹೆಸರು. ಇನ್ನೊಂದು, ಅವರ ಗುಡಗುಡಿ. ಕೆಳಗೆ ನೀರು ತುಂಬುವ ಹಿತ್ತಾಳೆಯ ಬುರುಡೆ, ಅದರೊಳಗೆ ನಿಂತ ಕಟ್ಟಿಗೆಯ ಕೊಳವೆ, ಅದರ ತಲೆಯ ಮೇಲೆ ಮಣ್ಣಿನ ಚಿಲುಮೆ, ಬದಿಗೆ ಎಳೆಯುವ ನಳಿಗೆ. ಸಂಜೆ ಕೆಲಸ ಮುಗಿಸಿ ಕಟ್ಟೆಯ ಮೇಲೆ ಕೂತು ಅದನ್ನು ಗುಡುಗುಡು ಅನ್ನಿಸಿದರೆ ಓಣಿಗೆಲ್ಲ ಹೊತ್ತು ಮುಳುಗಿತೆಂದು ಗೊತ್ತಾಗುತ್ತಿತ್ತು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಚಿಲುಮೆ ತುಂಬುವ ಅಧಿಕಾರವಂತೂ ಮೊದಲು ಅವರ ತೀರಿಹೋದ ತಮ್ಮನಿಗಿತ್ತು, ಆಮೇಲೆ ಯಾರಿಗೂ ಸಿಕ್ಕಿರಲಿಲ್ಲ.

ಇತ್ತೀಚೆಗೆ ಗುಡಗುಡಿಗೆ ಉಸಿರು ಹಿಡಿದಿತ್ತು. ಎಷ್ಟು ಎಳೆದರೂ ಹೊಗೆ ಬರದೆ ಮುದುಕರು ಸಿಡಿಮಿಡಿಗೊಂಡಿದ್ದರು. ಇವತ್ತು ಅವರು ಮಹಾಕೂಟಕ್ಕೆ ಹೊಂಡದ ಸ್ನಾನಕ್ಕೆಂದು ಹೋಗಿದ್ದಾರೆ, ಸಂಜೆಗೆ ಬರುತ್ತಾರೆ. ಇಂಥ ಸುಮುಹೂರ್ತ ಬಿಟ್ಟರೆ ಮತ್ತೆ ಯಾವಾಗ?

ಅಂದಪ್ಪ ಹಿತ್ತಲಿನಲ್ಲಿ ಗೋಣಿಚೀಲ ಹಾಸಿ, ಶಸ್ತ್ರಚಿಕಿತ್ಸೆಗೆ ಕೂತ ಡಾಕ್ಟರರ ಗಾಂಭೀರ್ಯದಿಂದ ಗುಡಗುಡಿಯನ್ನು ಬಿಚ್ಚಿದ. ಒಳಗಿನ ಹಳೇ ನೀರು ಚೆಲ್ಲಿದ್ದೇ ತಡ, ಆ ವಾಸನೆಗೆ ಗೋಡೆಯ ಮೇಲೆ ಮಲಗಿದ್ದ ಬೆಕ್ಕು ಎದ್ದು ಪಕ್ಕದ ಜುಲೇಖಾಳ ಮನೆಗೆ ವಲಸೆ ಹೋಯಿತು. ಬುರುಡೆಗೆ ಹುಣಸೆಹಣ್ಣು ತಿಕ್ಕಿದ. ಫಳಫಳ! ಆದರೆ ಕೊಳವೆಯೊಳಗಿನ ಕಪ್ಪು ಜಿಡ್ಡು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ.

ಆಗ ಅವನ ತಲೆಗೆ ಬಣ್ಣದ ಮನೆಯ ಸೋಡಾ ಡಬ್ಬಿ ಹೊಳೆಯಿತು. ಬಣ್ಣ ಹಾಕುವ ಮುಂಚೆ ರೇಷ್ಮೆಯ ಅಂಟು ಬಿಡಿಸಲು ಅದನ್ನು ಚಿಟಿಕೆ ಲೆಕ್ಕದಲ್ಲಿ ಬಳಸುತ್ತಾರೆ. "ರೇಷ್ಮಿ ಅಂಟನ್ನ ಬಿಡಸೋ ಸೋಡಾಕ್ಕ ಈ ಹೊಗಿ ಜಿಡ್ಡು ಯಾವ ಲೆಕ್ಕ!" ಎಂದು ಬಿಸಿನೀರಿಗೆ ಎರಡು ಮುಷ್ಟಿ ಸುರಿದ. ಕೊಳವೆಯೊಳಗೆ ತೂರಿಸಿ ಎಳೆಯಲು ಅರಿವೆ ಬೇಕಲ್ಲ? ನೂಲಿನ ಅರಿವೆ ಹರಿಯುತ್ತದೆ, ರೇಷ್ಮೆ ಹರಿಯುವುದಿಲ್ಲ! ಗಳದ ಮೇಲೆ ಒಣಗುತ್ತಿದ್ದ ಕೆಂಪು ರೇಷ್ಮೆಯಿಂದ ಎಳೆಗಳ ಒಂದು ಸಣ್ಣ ಲಡಿ ಕಿತ್ತು, ಸೋಡಾ ನೀರಿನಲ್ಲಿ ಅದ್ದಿ, ತಂತಿಗೆ ಕಟ್ಟಿ ಎಳೆದ. ಜಿಡ್ಡು ಬಿಟ್ಟಿತು! ಕೊಳವೆಯಲ್ಲಿ ಕಣ್ಣಿಟ್ಟರೆ ಆಚೆ ಕಡೆಯ ಪೇರಲ ಗಿಡ ಕಾಣಿಸಿತು.

ಎಲ್ಲವನ್ನೂ ಚೆನ್ನಾಗಿ ತೊಳೆದು ಜೋಡಿಸಿದ. ಬುರುಡೆಗೂ ಕೊಳವೆಗೂ ನಡುವಿನ ಸಂದಿಯಿಂದ ಗಾಳಿ ಸೋರಬಾರದೆಂದು ಅದೇ ಕೆಂಪು ಲಡಿಯನ್ನು ಹಿಂಡಿ ಅಲ್ಲಿಗೆ ಬಿಗಿಯಾಗಿ ಸುತ್ತಿದ. ಕೊನೆಗೆ, ಮಾವನಿಗೆ ಹೊಗೆ ತಣ್ಣಗಿರಲಿ ಎಂಬ ಭಕ್ತಿಯಿಂದ ನಳಿಗೆಯ ತೂತಿನಿಂದ ಬುರುಡೆಗೆ, ಲಡಿ ಮುಟ್ಟುವಂತೆ, ಕಂಠಮಟ ನೀರು ತುಂಬಿದ. ನೀರು ಬುರುಡೆಯ ಅರ್ಧಕ್ಕಿಂತ ಮೇಲೆ ಬರಬಾರದು ಎಂದು ಗೊತ್ತಿರಲು ಅವನು ಯಾವತ್ತಾದರೂ ಅದನ್ನು ಮುಟ್ಟಿದ್ದನೇ, ಪಾಪ!

ಸಂಜೆ ಬಂಡೆಪ್ಪನವರು ಹಣೆ ತುಂಬ ವಿಭೂತಿ, ಕೈಯಲ್ಲಿ ಅಮೀನಗಡದ ಕರದಂಟಿನ ಪೊಟ್ಟಣ ಹಿಡಿದು ಬಂದರು. ಒಬ್ಬರೇ ಬರಲಿಲ್ಲ, ಜೊತೆಗೆ ಸೀರೆ ವ್ಯಾಪಾರಿ ಶಿವಸಂಗಪ್ಪನವರು.

"ಬ್ಯಾರೇದವರ ಕೆಂಪು ನಂಬಿ ಕೆಟ್ಟೆ ಬಂಡೆಪ್ಪಾ. ಒಂದ ನೀರಿಗೆ ಬಣ್ಣ ಸೀರಿ ತುಂಬ ಹರೀತು. ಇನ್ನ ಮ್ಯಾಲ ನಮ್ಮ ಅಂಗಡಿ ಸೆರಗಿನ ರೇಷ್ಮಿ ಎಲ್ಲಾ ನಿನ್ನ ಕೈಯಾಗ."

"ನನ್ನ ಬಣ್ಣ ಬಿಡಂಗಿಲ್ರಿ ಸಾವಕಾರ್ರ" ಎಂದು ಮುದುಕರು ಕಟ್ಟೆಯ ಮೇಲೆ ಕೂತರು. ಕೂತವರಿಗೆ ಹೊಳೆಯುವ ಗುಡಗುಡಿ ಕಂಡಿತು. "ಇದನ್ನ ಯಾರು ತೊಳದಾರ?"

"ನಾನ್ರಿ ಮಾವಾರ" ಎಂದು ಅಂದಪ್ಪ ಎದೆಯುಬ್ಬಿಸಿದ.

ಮಾವ ತಾವೇ ಚಿಲುಮೆ ತುಂಬಿದರು, ಕೆಂಡ ಇಟ್ಟರು, ನಳಿಗೆ ಬಾಯಿಗಿಟ್ಟು ಹಳೇ ರೂಢಿಯಂತೆ ಜೋರಾಗಿ ಎಳೆದರು. ಹೊಗೆ ಬರುವ ಬದಲು ಬುರುಡೆಯ ನೀರೇ ಬಾಯಿಗೆ ಬಂತು! ಥೂ ಎಂದು ಉಗುಳಿದರೆ ಬಿಳಿ ಧೋತರದ ಮೇಲೆ ಕೆಂಪೋ ಕೆಂಪು!

"ಅಯ್ಯ ನಮ್ಮಪ್ಪಾ! ರಕ್ತಾ!" ಎಂದು ನಾಗರತ್ನಾ ಕಿರುಚಿದಳು.

ಅಂದಪ್ಪನಿಗೆ ಮಾತ್ರ ಆ ಕೆಂಪು ಯಾವ ಗಳದ್ದೆಂದು ತಕ್ಷಣ ತಿಳಿಯಿತು. ಸಂದಿಯ ಲಡಿಯಿಂದ ಇನ್ನೂ ಕೆಂಪು ಹನಿ ಇಳಿಯುತ್ತಿತ್ತು. ಬಂಡೆಪ್ಪನವರು ಧೋತರ ನೋಡಿದರು, ಲಡಿ ನೋಡಿದರು, ಶಿವಸಂಗಪ್ಪನವರ ಮುಖ ನೋಡಿದರು. ಮರುಕ್ಷಣ ಹೆಗಲ ಮೇಲಿನ ಟವೆಲನ್ನು ಗುಡಗುಡಿಯ ಮೇಲೆ ಒಗೆದು, ಎದೆ ಹಿಡಿದುಕೊಂಡು ಅಡ್ಡ ಬಿದ್ದರು.

ಜುಲೇಖಾ ಓಡಿ ಬಂದಳು. ಅವಳ ಗಂಡನ ಟಂಟಂ ಆಟೋ ಬಂತು. ಹಿಂದಿನ ಸೀಟಿನಲ್ಲಿ ಅಂದಪ್ಪನ ತೊಡೆಯ ಮೇಲೆ ಮಾವನ ತಲೆ, ಎದುರಿಗೆ ಮುಖ ಬಾಡಿಸಿಕೊಂಡ ಶಿವಸಂಗಪ್ಪನವರು, ಪಕ್ಕದಲ್ಲಿ ಅಳುವ ನಾಗರತ್ನಾ. ದವಾಖಾನೆಯ ದಾರಿಯ ಪ್ರತಿ ತಗ್ಗಿಗೂ ಮುದುಕರು ನರಳಿದರು.

"ಅಂದಪ್ಪಾ..."

ಅಂದಪ್ಪ ಹಿಂದೆ ತಿರುಗಿ ನೋಡಿದ, ಇನ್ನೊಬ್ಬ ಅಂದಪ್ಪ ಹತ್ತಿದ್ದಾನೆಯೇ ಎಂದು.

"ಅಂದಪ್ಪಾ, ನೀ ಅಳಿಯ ಅಲ್ಲೋ, ನನ್ನ ಮಗ. ಬಾಯಿಬಿಟ್ಟು ಹೇಳಾಕ ಬರಲಿಲ್ಲ ನನಗ. ಈ ಮನಿ, ಬಣ್ಣದ ಒಲಿ, ಗುಡಗುಡಿ ಎಲ್ಲಾ ಇನ್ನ ಮ್ಯಾಲ ನಿಂದ."

ಅಂದಪ್ಪ ಎಷ್ಟು ವರ್ಷದಿಂದ ಕಾದ ಮಾತು! ಬಂದದ್ದು ಮಾತ್ರ ಸುಳ್ಳು ಸಾವಿನ ಬಾಗಿಲಲ್ಲಿ. ಸುಮ್ಮನಿದ್ದರೆ ಮಗನಾಗಿ ಉಳಿಯುತ್ತಾನೆ, ಬಾಯಿಬಿಟ್ಟರೆ ಮತ್ತೆ ಕಮತಗಿ. ಆದರೆ ಹೆಂಡತಿಯ ಅಳು ನೋಡಲಾಗಲಿಲ್ಲ.

"ಮಾವಾರ, ಅಂಜಬ್ಯಾಡ್ರಿ. ಅದು ರಕ್ತ ಅಲ್ರಿ, ನಾ ಆ ಲಡಿ..."

ಮಾವ ಅವನ ತೊಡೆಗೆ ಚಿವುಟಿದರು. ಸಾಯುವವರ ಚಿವುಟು ಅಷ್ಟು ಜೋರಾಗಿರುವುದಿಲ್ಲ. ಅಂದಪ್ಪ ಬಗ್ಗಿ ನೋಡಿದರೆ ಮುದುಕರ ಒಂದು ಕಣ್ಣು ಮಾತ್ರ ತೆರೆದಿತ್ತು, ಅದು ಶಿವಸಂಗಪ್ಪನವರ ಕಡೆ ಸನ್ನೆ ಮಾಡುತ್ತಿತ್ತು. ಆಗ ಅವನ ತಲೆಗೆ ಹೋಯಿತು. ಅದು ರಕ್ತವಲ್ಲದಿದ್ದರೆ ಬಣ್ಣ. ಬಣ್ಣವಾದರೆ ಬಂಡೆಪ್ಪನ ಕೆಂಪು ಬಿಟ್ಟಿತು ಎಂದಾಯಿತು! ಅದಕ್ಕಿಂತ ಸಾಯುವುದೇ ಮೇಲೆಂದು ಮಾವ ತೀರ್ಮಾನಿಸಿಬಿಟ್ಟಿದ್ದರು.

ಡಾಕ್ಟರರು ಬ್ಯಾಟರಿ ಹಾಕಿ ಬಾಯಿ ನೋಡಿದರು, ಎದೆಗೆ ನಳಿಗೆ ಇಟ್ಟು ನೋಡಿದರು. "ಗಾಯ ಇಲ್ಲ, ಏನಿಲ್ಲ. ನಾಲಿಗಿ ಅಷ್ಟ ಕೆಂಪೈತಿ. ಎಲಿ ಅಡಿಕಿ ಹಾಕ್ಕೊಂಡಿದ್ರೇನು?"

"ಹೌದ್ರಿ!" ಬಂಡೆಪ್ಪನವರು ಮಂಚದ ಮೇಲೆ ಎದ್ದೇ ಕೂತರು. "ಮಹಾಕೂಟದಾಗ ಹಾಕ್ಕೊಂಡಿದ್ದೆ. ಮರ್ತ ಬಿಟ್ಟಿದ್ದೆ ನೋಡ್ರಿ!"

ಜನ್ಮದಲ್ಲಿ ಎಲೆ ಮುಟ್ಟದ ಅಪ್ಪನನ್ನು ನಾಗರತ್ನಾ ಬೆಪ್ಪಾಗಿ ನೋಡಿದಳು. ಶಿವಸಂಗಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕು, "ನಾಳೆ ರೇಷ್ಮಿ ಕಳಸ್ತೇನಿ" ಎಂದು ಮನೆಗೆ ಹೋದರು.

ಮನೆಗೆ ಬಂದ ಮೇಲೆ ಬಂಡೆಪ್ಪನವರು ಗುಡಗುಡಿಯಿಂದ ಲಡಿ ಬಿಚ್ಚಿ, ಕೆಂಪು ನೀರು ಚೆಲ್ಲಿ ಅರ್ಧಕ್ಕೆ ಹೊಸ ನೀರು ತುಂಬಿ, ಲಡಿ ಎತ್ತಿ ಹಿಡಿದರು. ಅದು ಈಗ ತೊಳೆದ ಗಜ್ಜರಿಯ ಬಣ್ಣಕ್ಕೆ ಬಂದಿತ್ತು.

"ಯಾವುದರಾಗ ಅದ್ದಿದ್ದಿ?"

"ಸೋಡಾದಾಗ್ರಿ."

"ಎಷ್ಟು?"

"ಎರಡ ಮುಷ್ಟಿರಿ."

"ಎರಡ ಮುಷ್ಟಿ! ಅದರಾಗ ಆನಿ ಅದ್ದಿದ್ರ ಆನಿ ಬಣ್ಣಾನೂ ಬಿಡತಿತ್ತಲ್ಲೋ!"

ಆದರೂ ಅವರು ಎದ್ದು ಗಳದ ಮೇಲಿನ ಅದೇ ರೇಷ್ಮೆಯ ಇನ್ನೊಂದು ಲಡಿ ತಂದು ಬರೀ ನೀರಿನಲ್ಲಿ ಅದ್ದಿದರು. ಮೂವರೂ ಬಗ್ಗಿ ನೋಡಿದರು. ನೀರು ಬೆಳ್ಳಗೇ ಇತ್ತು. ಮುದುಕರು ಬಿಟ್ಟ ಉಸಿರಿಗೆ ದೀಪ ಆರಲಿಲ್ಲ, ಅಷ್ಟೇ. "ನನ್ನ ಬಣ್ಣ ಬಿಡಂಗಿಲ್ಲ. ತಿಳೀತ?"

"ತಿಳೀತ್ರಿ. ಮಾವಾರ, ಟಂಟಂದಾಗ ನೀವು ಅಂದ ಮಾತು... ಅದೂ ಸಾವಕಾರ್ರಿಗೆ ತೋರಸಾಕೇನ್ರಿ?"

ಬಂಡೆಪ್ಪನವರು ಗೋಡೆ ನೋಡಿದರು. ಗಂಟಲು ಸರಿ ಮಾಡಿಕೊಂಡರು. "ಏ ಕಮತಗಿ, ಸುಮ್ನ ಹೋಗಿ ಚಿಲುಮಿ ತುಂಬ್ಕೊಂಡು ಬಾ."

ಅಂದಪ್ಪನ ಮುಖ ಇಳಿಯಿತು. ಚಿಲುಮೆ ಎತ್ತಿಕೊಂಡು ಬಾಗಿಲು ದಾಟುವಷ್ಟರಲ್ಲಿ ಕೈಯಲ್ಲಿರುವುದು ಏನೆಂದು ಹೊಳೆದು, ಇಳಿದ ಮುಖ ಅರ್ಧ ಏರಿತು. ಯಾರಿಗೂ ಸಿಗದ ಅಧಿಕಾರ! ಓಡಿ ಹೋಗಿ ತುಂಬಿದ, ಕಟ್ಟೆಗೆ ಹೋಗಿ ಕೂತಿದ್ದ ಮಾವನ ಮುಂದೆ ತಂದಿಟ್ಟ, ಕೈಕಟ್ಟಿ ಒಳಗೆ ಬಂದು ನಿಂತ. ಮಾವ ಎಳೆದರು. ಇನ್ನೊಮ್ಮೆ ಎಳೆದರು. ಆಮೇಲೆ ಕಟ್ಟೆಯಿಂದ ಓಣಿಗೆಲ್ಲ ಕೇಳುವಂತೆ ಗುಡುಗಿದರು:

"ಲೇ ಅಂದಪ್ಪಾ! ತಂಬಾಕು ಕೆಳಗೋ, ಕೆಂಡ ಮ್ಯಾಲ! ದಡ್ಡ ನನ್ನ ಮಗನ, ಮತ್ತ ತುಂಬು ಬಾ!"

ಈಗ ಅಲ್ಲಿ ಶಿವಸಂಗಪ್ಪನವರೂ ಇರಲಿಲ್ಲ, ಡಾಕ್ಟರರೂ ಇರಲಿಲ್ಲ.

ನಾಗರತ್ನಾ ಗಂಡನ ಮುಖ ನೋಡಿದಳು. "ಓಣಿ ಕೇಳುವಂಗ ಬೈದ್ರೂ ಹಿಂಗ್ಯಾಕ ಹಲ್ಲು ಕಿಸಿಯಾಕತ್ತೀರಿ?"

"ಕೇಳಸ್ಲಿಲ್ಲೇನ ನಿನಗ? ಹೆಸರು ಹಿಡದು ಬೈದಾರ!" ಎಂದು ಅಂದಪ್ಪ ಇಲ್ಲದ ಮೀಸೆ ತಿರುವುತ್ತ ಕೆಂಡಕ್ಕೆ ಓಡಿದ.